ಏಳನೇ ನಂಬರಿನ ಚಿತ್ರ

ಭಾವ ಅಂದರೆ ನನ್ನ ಅಕ್ಕನ ಗಂಡ. ಐವತ್ತೆರಡು ವರ್ಷ, ಬೋಳುತಲೆ, ಎರಡೂ ಮೊಣಕಾಲಿನಲ್ಲಿ ನೋವು. ನೋವು ಬಂದದ್ದು ಕಂಬ ಹತ್ತಿ ಹತ್ತಿ. ಇಪ್ಪತ್ತು ವರ್ಷ ಅವರು ಮನೆಮನೆಗೆ ಟೀವಿ ಕೇಬಲ್ ಎಳೆದವರು. ಬೀದಿಯವರಿಗೆ ಇವತ್ತಿಗೂ ಅವರು ‘ಕೇಬಲಣ್ಣ’ನೇ. ಆ ಕಾಲದಲ್ಲಿ ಚಿತ್ರ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ನೋಡಲು ಯಂತ್ರಗಿಂತ್ರ ಏನೂ ಇರಲಿಲ್ಲ. ಚಿತ್ರ ಹೋದರೆ ಫೋನ್ ಬರುತ್ತಿತ್ತು, ಫೋನಿನಲ್ಲಿ ಬೈಗುಳ ಬರುತ್ತಿತ್ತು.

“ಒಬ್ಬರೇ ಬೈದ್ರೆ ಅವರ ಮನೆ ವಯರು,” ಎಂದು ಹೇಳಿ ನಗುತ್ತಿದ್ದರು. “ಓಣಿಯೆಲ್ಲ ಬೈದ್ರೆ ಕಂಬದ ಮೇಲಿನ ಪೆಟ್ಟಿಗೆ. ನಿಮ್ಮಕ್ಕನೂ ಸೇರ್ಕೊಂಡು ಬೈದ್ರೆ ಇಡೀ ಊರಿಗೇ ಹೋಗಿದೆ ಅಂತ ಲೆಕ್ಕ.”

“ಹೌದು ಹೌದು, ನಾನೊಬ್ಬಳೇ ಬಾಯಿಬಡುಕಿ,” ಎಂದು ಅಕ್ಕ ಒಳಗಿನಿಂದ ಪಾತ್ರೆ ಕುಕ್ಕುತ್ತಿದ್ದಳು.

ಜನ ಫೋನಿನಲ್ಲೇ ಎಲ್ಲ ನೋಡತೊಡಗಿದ ಮೇಲೆ ಕೇಬಲ್ಲಿನ ಕೆಲಸ ನೆಲಕಚ್ಚಿತು. ಭಾವ ನಲವತ್ತೇಳನೇ ವಯಸ್ಸಿನಲ್ಲಿ ಮಕ್ಕಳ ಸಮಕ್ಕೆ ಕೂತು ನೆಟ್‌ವರ್ಕ್ ಕಲಿತರು. ದೊಡ್ಡಾಸ್ಪತ್ರೆಯೊಂದರ ವಯರಿಂಗ್, ಕ್ಯಾಮೆರಾ, ಕಂಪ್ಯೂಟರುಗಳನ್ನು ಗುತ್ತಿಗೆಗೆ ಹಿಡಿದಿದ್ದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವರ ಕೋಣೆ ಮೆಟ್ಟಿಲ ಕೆಳಗೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅಲ್ಲಿ ಏಸಿ ಇದ್ದದ್ದು ಯಂತ್ರಗಳಿಗಾಗಿ, ಮನುಷ್ಯರಿಗಾಗಿ ಅಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಭಾವ ಅಕ್ಕ ಹೆಣೆದ ಕಂದು ಸ್ವೆಟರ್ ತೊಟ್ಟು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದರು.

ಆ ಆಸ್ಪತ್ರೆಯಲ್ಲಿ ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡು ಒಂದಿದೆ. ಹನ್ನೆರಡು ಗಾಜಿನ ಪೆಟ್ಟಿಗೆ, ಹನ್ನೆರಡು ಮಕ್ಕಳು. ಸೋಂಕಿನ ಭಯದಿಂದ ತಾಯಂದಿರನ್ನು ದಿನಕ್ಕೆ ಎರಡೇ ಸಲ, ಅರ್ಧರ್ಧ ಗಂಟೆ ಒಳಗೆ ಬಿಡುತ್ತಾರೆ. ಉಳಿದ ಹೊತ್ತು ಕೆಳಗಿನ ಹಾಲಿನಲ್ಲಿ ಕೂತು ಪರದೆಯ ಮೇಲೆ ನೋಡಬೇಕು. ಪ್ರತಿ ಪೆಟ್ಟಿಗೆಯ ಮೇಲೊಂದು ಕ್ಯಾಮೆರಾ, ಪ್ರತಿ ತಾಯಿಗೊಂದು ನಂಬರು. ಮೊದಮೊದಲು ಆ ಚಿತ್ರ ಆಗಾಗ ಒಡೆದು ಚೌಕಚೌಕವಾಗುತ್ತಿತ್ತು. ಒಂದು ಸಲ ಮಗುವಿನ ಮುಖವೇ ಮೂರು ತುಂಡಾಗಿ ಹಸಿರು ಬಣ್ಣಕ್ಕೆ ತಿರುಗಿದ್ದನ್ನು ಕಂಡು ಬಾಣಂತಿಯೊಬ್ಬಳು ಕುರ್ಚಿಯಿಂದ ಕೆಳಗೆ ಬಿದ್ದಳಂತೆ. ಇನ್ನು ಯಾರಾದರೂ ಬಂದು ದೂರುವವರೆಗೂ ಕಾಯುವುದು ಬೇಡ, ಚಿತ್ರದ ಗುಣಮಟ್ಟವನ್ನು ಹಗಲೂ ರಾತ್ರಿ ತಾನೇ ಕಾಯುವ ವ್ಯವಸ್ಥೆ ಮಾಡಿ ಎಂದು ಆಡಳಿತದವರು ಹೇಳಿದರು. ಆ ಕೆಲಸ ಭಾವನ ಪಾಲಿಗೆ ಬಂತು.

ಆಗ ನನಗೆ ಐದು ತಿಂಗಳು. ಭಾನುವಾರ ಅಕ್ಕನ ಮನೆಗೆ ಹೋದರೆ ಭಾವನ ಬಾಯಲ್ಲಿ ಅದೇ ಮಾತು.

“ಚಿತ್ರ ಅನ್ನೋದು ತಂತೀಲಿ ಇಡಿಯಾಗಿ ಹೋಗಲ್ಲಮ್ಮ. ಕಾಗದ ಹರಿದ ಹಾಗೆ ಚೂರು ಮಾಡಿ, ಒಂದೊಂದು ಚೂರಿಗೂ ನಂಬರ್ ಹಾಕಿ ಕಳಿಸ್ತೀವಿ. ಆ ಕಡೆ ಅದನ್ನ ಜೋಡಿಸ್ಕೊಳ್ಳುತ್ತೆ. ದಾರೀಲಿ ಎಷ್ಟು ಚೂರು ಉದುರಿಹೋಯ್ತು, ಎಷ್ಟು ತಡವಾಗಿ ಬಂತು ಅಂತ ಎಣಿಸೋದಕ್ಕೆ ಅಲ್ಲಲ್ಲಿ ಒಂದೊಂದು ಪುಟ್ಟ ಪೆಟ್ಟಿಗೆ ಕೂರಿಸಿದೀನಿ. ಅದು ಐದಕ್ಕೆ ಇಷ್ಟು ಅಂತ ಅಂಕ ಕೊಡುತ್ತೆ. ನಾಲ್ಕರ ಮೇಲಿದ್ರೆ ಹಸಿರು, ಮೂರಕ್ಕಿಳಿದ್ರೆ ಹಳದಿ, ಅದಕ್ಕೂ ಕೆಳಗೆ ಹೋದ್ರೆ ಕೆಂಪು. ಕೆಂಪಾದ್ರೆ ನನ್ನ ಕೋಣೇಲೂ ಗಂಟೆ, ವಾರ್ಡಲ್ಲೂ ಗಂಟೆ.”

“ನಮ್ಮ ಮನೆಗೂ ಒಂದು ಕೂರಿಸ್ರೀ,” ಅಂದಳು ಅಕ್ಕ. “ನಾನು ಹೇಳಿದ ಮಾತು ಎಷ್ಟು ನಿಮ್ಮ ಕಿವಿಗೆ ಬೀಳುತ್ತೆ, ಎಷ್ಟು ದಾರೀಲೇ ಉದುರುತ್ತೆ ನೋಡೋಣ.”

ನಾಲ್ಕು ವಾರ ದುಡಿದರು. ಚೂರುಗಳು ಉದುರುತ್ತಿದ್ದದ್ದು ಲಿಫ್ಟು ಓಡಿದಾಗಲೆಲ್ಲ ಎಂದು ಕಂಡುಹಿಡಿದರು. ಚಿತ್ರದ ತಂತಿ ಲಿಫ್ಟಿನ ಮೋಟಾರಿನ ತಂತಿಗೆ ಒತ್ತಿಕೊಂಡು ಹೋಗಿತ್ತು. ನೋವಿನ ಮೊಣಕಾಲಿಟ್ಟುಕೊಂಡು ಸೂರಿನ ಕೆಳಗಿನ ಸಂದಿಯಲ್ಲಿ ತೆವಳಿ ತಾವೇ ಬೇರೆ ದಾರಿಯಲ್ಲಿ ಎಳೆದರು. ಹನ್ನೆರಡೂ ನಂಬರು ಹಸಿರಾದ ದಿನ ಮನೆಗೆ ಸಿಹಿ ತಂದಿದ್ದರು.

ಒಂದೇ ಒಂದು ತಕರಾರು ಉಳಿದಿತ್ತು. ಚಿತ್ರ ಹತ್ತು ಸೆಕೆಂಡು ಅಲುಗಾಡದೆ ನಿಂತರೆ ಗಂಟೆ ಹೊಡೆಯುವ ಏರ್ಪಾಡನ್ನೂ ಅದರಲ್ಲಿ ಮಾಡಿದ್ದರು. ಆದರೆ ಆ ವಾರ್ಡಿನ ಮಕ್ಕಳೋ, ಒಂದೊಂದು ಒಂದು ಕಿಲೋ, ಒಂದೂವರೆ ಕಿಲೋ. ಮಂದ ಬೆಳಕಿನಲ್ಲಿ ಮರದ ತುಂಡಿನಂತೆ ಮಲಗಿರುತ್ತವೆ. ಎದೆಯ ಸಣ್ಣ ಏರಿಳಿತ ಯಂತ್ರದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮೊದಲ ದಿನವೇ ಅರವತ್ತೊಂದು ಸಲ ಗಂಟೆ ಹೊಡೆಯಿತು. ಪ್ರತಿ ಸಲವೂ ಸಿಸ್ಟರುಗಳು ಕೈಕೆಲಸ ಬಿಟ್ಟು ಓಡಿ ಬಂದರು. ದೊಡ್ಡ ಸಿಸ್ಟರ್ ಮೆಟ್ಟಿಲಿಳಿದು ಭಾವನ ಕೋಣೆಗೇ ಬಂದು, “ಏನ್ರೀ ಕೇಬಲಣ್ಣ, ನಿಮ್ಮ ಮೆಷಿನ್ನಿಗೆ ಮಗು ಮಲಗೋದು ಅಂದ್ರೇನು ಅಂತಾನೂ ಗೊತ್ತಿಲ್ವಾ? ಅದಕ್ಕೆ ಮಕ್ಕಳಿಲ್ವೇನೋ ಪಾಪ,” ಎಂದರಂತೆ. ಭಾವನೂ ನಕ್ಕರಂತೆ. ಹತ್ತು ಸೆಕೆಂಡನ್ನು ಒಂದು ನಿಮಿಷ ಮಾಡಿದರು, ಆಮೇಲೆ ಐದು ನಿಮಿಷ. ಆದರೂ ನಿಲ್ಲಲಿಲ್ಲ. ಕೊನೆಗೆ ಆ ಒಂದು ಗಂಟೆಯನ್ನು ಆರಿಸಿಬಿಟ್ಟರು. ಮನೆಯಲ್ಲಿ ಅವರು ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ನಾನೂ ಒಬ್ಬಳು.

ಮೂವತ್ತನೇ ವಾರಕ್ಕೇ ನನಗೆ ಹೆರಿಗೆಯಾಯಿತು. ಒಂದು ಕಿಲೋ ಇನ್ನೂರು ಗ್ರಾಂ. ಮಗಳಿಗೆ ಎಂಟನೇ ನಂಬರಿನ ಪೆಟ್ಟಿಗೆ ಸಿಕ್ಕಿತು. ಆಸ್ಪತ್ರೆಗೆ ಎರಡು ಬೀದಿ ಆಚೆ ಇದ್ದ ಅಕ್ಕನ ಮನೆಯಲ್ಲಿ ಉಳಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಆ ಹಾಲಿನಲ್ಲಿ ಕೂರುತ್ತಿದ್ದೆ. ಪರದೆಯಲ್ಲಿ ಅವಳ ಎದೆ ಏಳುವುದನ್ನು ಎಣಿಸುತ್ತಿದ್ದೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.

ನನ್ನ ಪಕ್ಕದ ಕುರ್ಚಿ ಏಳನೇ ನಂಬರಿನ ತಾಯಿಯದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ನಾನು ಹೊಲಿಗೆ ಅಕ್ಕ ಎಂದು ಕರೆಯುತ್ತಿದ್ದೆ. ಗಂಡ ಬಸ್ ಡ್ರೈವರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಗಂಡುಮಗು. ನನ್ನ ಗಾಬರಿ ನೋಡಿ ಅವಳಿಗೆ ನಗು.

“ಉಸಿರು ಎಣಿಸ್ತಾ ಕೂತ್ರೆ ಹಾಲು ಬತ್ತಿಹೋಗುತ್ತೆ ಕಣೇ. ನಿನ್ನ ಮಗಳ ಆಕಳಿಕೆ ನೋಡು, ಪಾಠ ಮಾಡಿ ಸುಸ್ತಾದ ಮೇಷ್ಟ್ರ ಹಾಗೆ. ನಮ್ಮೋನು ನೋಡು, ಕಿವಿಗೆ ಕೈ ಕೊಟ್ಕೊಂಡು ಮಲಗಿದಾನೆ. ಅಪ್ಪನ ಹಾರ್ನ್ ಈಗಲೇ ಕೇಳಿಸ್ತಿದೆ ಅಂತ ಕಾಣುತ್ತೆ.”

ಆ ಸೋಮವಾರ ಮಧ್ಯಾಹ್ನ ಅವಳು ಹೇಳಿದ ಮಾತದು. ಮೂರು ಗಂಟೆ ದಾಟಿತ್ತು. ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಅಂಚಿನಲ್ಲಿ ನೀಲಿ ಗೌನಿನ ತೋಳೊಂದು ಸರಕ್ಕನೆ ಹಾದುಹೋಯಿತು. ಮತ್ತೊಂದು. ನನ್ನ ಮಗಳ ಪೆಟ್ಟಿಗೆಯ ಗಾಜಿನ ಮೇಲೆ ನೆರಳುಗಳು ಓಡಾಡಿದವು.  ಏನೋ ಆಗಿದೆ, ನನ್ನ ಮಗುವಿಗೇ ಆಗಿದೆ ಎಂದುಕೊಂಡು ಪರದೆಗೆ ಮುಖ ಅಂಟಿಸಿ ನಿಂತೆ. ಅವಳ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದೆ. ಏಳನೇ ನಂಬರಿನಲ್ಲಿ ತೋಳಿಲ್ಲ, ನೆರಳಿಲ್ಲ. ಮಗು ಕಿವಿಗೆ ಕೈ ಕೊಟ್ಟು ಮಲಗಿತ್ತು. ಹೊಲಿಗೆ ಅಕ್ಕ ಅದನ್ನೇ ನೋಡುತ್ತಾ ಅಂಗಿಯ ಗುಂಡಿತೂತಿಗೆ ಕಾಜಾ ಹೊಲಿಯುತ್ತಿದ್ದಳು. ನಾನು ಏನೂ ಹೇಳಲಿಲ್ಲ. ನನ್ನದು ಉಸಿರಾಡುತ್ತಿದೆಯಲ್ಲ ಎಂದು ಕೂತುಬಿಟ್ಟೆ.

ಮೂರು ಐವತ್ತಕ್ಕೆ ದೊಡ್ಡ ಸಿಸ್ಟರ್ ಬಂದು ಹೊಲಿಗೆ ಅಕ್ಕನ ಭುಜದ ಮೇಲೆ ಕೈ ಇಟ್ಟರು. ಅವಳು ಸಿಸ್ಟರ್ ಮುಖ ನೋಡಿದಳು, ಪರದೆ ನೋಡಿದಳು. “ಮಲಗಿದಾನಲ್ಲ ಸಿಸ್ಟರ್,” ಎಂದಳು.

ಎಳೆಯ ಹೃದಯ, ಇದ್ದಕ್ಕಿದ್ದಂತೆ ನಿಂತಿತಂತೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಎಲ್ಲರೂ ಸೇರಿ ಒದ್ದಾಡಿದ್ದರಂತೆ. ಒಬ್ಬರಿಗೂ ಕೆಳಗಿಳಿದು ತಾಯಿಗೆ ಹೇಳುವಷ್ಟು ಪುರುಸೊತ್ತಿರಲಿಲ್ಲ.

ಡ್ರೈವರು ಮರುದಿನವೇ ದೂರು ಕೊಟ್ಟ: ನಮ್ಮನ್ನು ಯಾಕೆ ಕರೆಯಲಿಲ್ಲ? ಆಡಳಿತದ ಅಧಿಕಾರಿ ಭಾವನ ಕೋಣೆಗೆ ಫೋನ್ ಮಾಡಿ, ಸೋಮವಾರ ಮೂರರಿಂದ ನಾಲ್ಕರವರೆಗಿನ ಏಳನೇ ನಂಬರಿನ ವರದಿ ಕೇಳಿದರು. ಭಾವ ಅಚ್ಚು ಹಾಕಿ ಕಳಿಸಿದರು. ರಾತ್ರಿ ಊಟಕ್ಕೆ ಕೂತಾಗ, “ಪಾಪ, ಆ ಮಗು. ನಮ್ಮ ಕಡೆಯಿಂದ ಮಾತ್ರ ಏನೂ ಲೋಪ ಇಲ್ಲ. ಐದಕ್ಕೆ ನಾಲ್ಕು ಪಾಯಿಂಟ್ ಒಂಬತ್ತು. ಒಂದು ಚೂರೂ ಉದುರಿಲ್ಲ,” ಎಂದರು.

ಆಗ ನಾನು ನೀಲಿ ತೋಳಿನ ವಿಷಯ ಹೇಳಿದೆ. “ನನ್ನ ಪರದೇಲಿ ಓಡಾಟ ಕಾಣಿಸ್ತು ಭಾವ. ಅವಳ ಪರದೇಲಿ ಮಗು ಸುಮ್ಮನೆ ಮಲಗಿತ್ತು.”

ಭಾವನ ಕೈ ತಟ್ಟೆಯಲ್ಲೇ ನಿಂತಿತು. “ಎಷ್ಟು ಹೊತ್ತು?”

“ಸಿಸ್ಟರ್ ಬರೋವರೆಗೂ.”

ಅವರು ಎದ್ದು ಕೈತೊಳೆದುಕೊಂಡರು. ಅಕ್ಕ, “ಊಟ ಬಿಟ್ಟು ಎದ್ದಿರಲ್ರೀ, ಉಪ್ಪು ಹೆಚ್ಚಾಯ್ತಾ?” ಎಂದಳು. 

ಬುಧವಾರ ಬೆಳಿಗ್ಗೆ ಅವರು ರೆಕಾರ್ಡಿಂಗ್ ತೆಗೆದು ನೋಡಿದರು. ಮೂರು ಗಂಟೆ ಏಳು ನಿಮಿಷಕ್ಕೆ ಆ ಕ್ಯಾಮೆರಾ ಸ್ತಬ್ಧವಾಗಿತ್ತು. ಆಮೇಲೆ ಅದೇ ಒಂದು ಚಿತ್ರವನ್ನು ಮತ್ತೆ ಮತ್ತೆ ಕಳಿಸುತ್ತಾ ಕೂತಿತ್ತು. ಭಾವನ ಪುಟ್ಟ ಪೆಟ್ಟಿಗೆಗಳು ಚೂರುಗಳನ್ನು ಎಣಿಸಿದವು. ಚೂರುಗಳೆಲ್ಲ ಸರಿಯಾಗಿದ್ದವು, ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ನಿಂತ ಚಿತ್ರ ಕಳಿಸುವುದು ಸುಲಭ, ಅದಕ್ಕೇ ಅಂಕ ಹೆಚ್ಚು. ‘ಚಿತ್ರ ನಿಂತರೆ ಗಂಟೆ’ ಎಂಬ ಸಾಲಿನ ಮುಂದೆ ‘ಬೇಡ’ ಎಂದಿತ್ತು. ಅದರ ಪಕ್ಕ ತಾರೀಖು, ಭಾವನ ಹೆಸರು.

ರೆಕಾರ್ಡಿಂಗ್ ಮೂರು ದಿನ ಮಾತ್ರ ಉಳಿಯುತ್ತದೆ. ಅದನ್ನು ನಕಲು ಮಾಡಿಕೊಂಡು ಅಧಿಕಾರಿಯ ಹತ್ತಿರ ಹೋದರು. ಅವರು ಬಾಗಿಲು ಹಾಕಿಸಿ, “ನಿಮ್ಮನ್ನ ಕೇಳಿದ್ದು ವರದಿ. ಕೊಟ್ಟಿದೀರ. ಕೇಳದೇ ಇರೋದನ್ನ ಯಾಕೆ ಹೇಳ್ತೀರಿ? ನಿಮ್ಮ ಕಂಪನಿ ಗುತ್ತಿಗೆ ಈ ತಿಂಗಳು ನವೀಕರಣಕ್ಕೆ ಬಂದಿದೆ,” ಎಂದರಂತೆ. ಪ್ರತಿ ಪೆಟ್ಟಿಗೆಯ ಪಕ್ಕ, ಕ್ಯಾಮೆರಾಗೆ ಕಾಣುವ ಹಾಗೆ, ಸೆಕೆಂಡು ಮುಳ್ಳಿರುವ ಗಡಿಯಾರ ಒಂದಿಟ್ಟರೆ ಸಾಕು, ಮಗು ಮಲಗಿದರೂ ಚಿತ್ರ ಚಲಿಸುತ್ತಿರುತ್ತದೆ, ಆಗ ಗಂಟೆ ಸುಳ್ಳು ಹೇಳುವುದಿಲ್ಲ ಎಂದು ಭಾವ ಹೇಳಿದರು. ಆಮೇಲೆ ನೋಡೋಣ ಎಂದರು ಅವರು.

ಅಂದು ಸಂಜೆ ಮನೆಯಲ್ಲಿ ದೊಡ್ಡ ಮಾತಾಯಿತು.

“ಹೇಳಿ ಏನ್ರೀ ಆಗುತ್ತೆ?” ಅಕ್ಕ ಕೇಳಿದಳು. “ಹೋದ ಮಗು ಬರುತ್ತಾ?”

“ಮಗು ಬರಲ್ಲ. ಚಿತ್ರ ಸರಿಯಾಗಿತ್ತು ಅಂತ ನನ್ನ ಕಾಗದ ಹೇಳ್ತಿದೆ. ಹಾಗಿದ್ರೆ ಏನಾಯ್ತು? ಆ ತಾಯಿ ಮುಕ್ಕಾಲು ಗಂಟೆ ನೋಡ್ತಾನೇ ಕೂತಿದ್ಲು, ಮಗು ಹೋಗಿದ್ದು ಗೊತ್ತೇ ಆಗ್ಲಿಲ್ಲ ಅಂತಾಯ್ತು. ಅವಳು ನೋಡಿದ್ದು ಮಗುನೇ ಅಲ್ಲ ಕಣೇ. ಅದನ್ನ ಅವಳಿಗೆ ಹೇಳೋರು ಯಾರು?”

“ಈ ವಯಸ್ಸಲ್ಲಿ ಕೆಲಸ ಹೋದ್ರೆ ಮತ್ತೆ ಕಂಬ ಹತ್ತೀರಾ? ಮಂಡಿ ಮಡಿಸೋಕಾಗಲ್ಲ ನಿಮಗೆ.”

 ಅಕ್ಕನ ಮಾತಿಗೆ ಭಾವ ಜಗ್ಗುವವರಲ್ಲ, ಮರುದಿನವೇ ಹೋಗುತ್ತಿದ್ದರು. ತಡೆದವಳು ನಾನು.

“ಭಾವ, ನನ್ನ ಮಗು ಇನ್ನೂ ಅಲ್ಲೇ ಇದೆ,” ಎಂದೆ. “ನೀವು ಅವರ ಮೇಲೆ ಏನಾದ್ರೂ ಹೇಳಿದ್ರೆ, ಅವಳನ್ನ ನೋಡ್ಕೊಳ್ಳೋ ರೀತಿ ಬದಲಾದ್ರೆ? ಅವಳು ಮನೆಗೆ ಬರೋವರೆಗೆ ಕಾಯಿರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಸಿಸ್ಟರುಗಳು ಅಂಥವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಭಾವ ನನ್ನ ಮುಖ ನೋಡಿ, “ಆಯ್ತಮ್ಮ,” ಎಂದರು.

ಆ ಶನಿವಾರ ಹೊಲಿಗೆ ಅಕ್ಕ ಮರಣಪತ್ರ ತೆಗೆದುಕೊಳ್ಳಲು ಆಸ್ಪತ್ರೆಗೆ ಬಂದವಳು ಹಾಲಿಗೆ ಬಂದು ತನ್ನ ಹಳೆಯ ಕುರ್ಚಿಯಲ್ಲೇ ಕೂತಳು. ಏಳನೇ ನಂಬರಿನಲ್ಲಿ ಆಗಲೇ ಬೇರೆ ಮಗು ಇತ್ತು.

“ನಾನು ನೋಡ್ತಾನೇ ಇದ್ದೆ ಅಲ್ವೇನೇ?” ಎಂದಳು. “ನೀನೂ ಇದ್ದೆಯಲ್ಲ. ಆಫೀಸರು ಇವರಿಗೆ ಕಾಗದ ತೋರಿಸಿದ್ರಂತೆ, ಚಿತ್ರ ಚೆನ್ನಾಗೇ ಬರ್ತಿತ್ತು, ತಾಯಿ ಎದುರಿಗೇ ಇದ್ರು ಅಂತ. ಇವರು ಮನೆಗೆ ಬಂದು ಒಂದೇ ಮಾತು ಕೇಳಿದ್ರು. ‘ಕಾಜಾ ಹೊಲಿತಿದ್ಯಾ?’ ಅಂದ್ರು. ಅಷ್ಟೇ. ಆಮೇಲೆ ಮಾತಾಡಿಲ್ಲ.” ಪರದೆಯ ಕಡೆ ನೋಡುತ್ತಾ ಕೇಳಿದಳು: “ಯಾವಾಗ ಹೋಗಿರಬಹುದು? ನಾನು ದಾರ ಕಡಿಯೋವಾಗಲಾ?”

ನಿಜ ನನ್ನ ನಾಲಗೆಯ ತುದಿಯಲ್ಲಿತ್ತು. ನಾನು ಎಂಟನೇ ನಂಬರಿನ ಕಡೆ ನೋಡಿದೆ, ಅವಳ ಕೈ ಹಿಡಿದುಕೊಂಡೆ, “ಹಾಗೆಲ್ಲ ಯೋಚಿಸಬೇಡಿ ಅಕ್ಕಾ,” ಎಂದೆ.

ಮರುವಾರದ ಶುಕ್ರವಾರ ಮಗಳು ಮನೆಗೆ ಬಂದಳು. ಶನಿವಾರ ಬೆಳಿಗ್ಗೆ ಭಾವ ಅಂಗಿಗೆ ಇಸ್ತ್ರಿ ಹಾಕುತ್ತಾ, “ನೀನೂ ಬರ್ತೀಯಾ?” ಎಂದು ಕೇಳಿದರು. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಹೊರಟೆ.

ಅಂಗಡಿಯೊಂದರ ಮೇಲಿನ ಒಂದೂವರೆ ಕೋಣೆಯ ಮನೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ತೋಳು ಹಚ್ಚದ ಬಿಳಿ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಡ್ರೈವರು ಬನಿಯನ್ನಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ. ಹೊಲಿಗೆ ಅಕ್ಕ ನೆಲದ ಮೇಲೆ ಕೂತಿದ್ದಳು. ಹನ್ನೆರಡೇ ದಿನಕ್ಕೆ ಮುಖ ಮೂಳೆಯಾಗಿತ್ತು.

ಭಾವ ಪೀಠಿಕೆ ಹಾಕಲಿಲ್ಲ. “ತಾಯಿ, ನೀವು ಅವತ್ತು ನೋಡ್ತಿದ್ದದ್ದು ನಿಂತುಹೋದ ಚಿತ್ರ. ಮೂರು ಗಂಟೆ ಏಳು ನಿಮಿಷಕ್ಕೆ ಕ್ಯಾಮೆರಾ ನಿಂತುಹೋಯ್ತು. ಆಮೇಲೆ ಆದದ್ದು ಯಾವುದೂ ನಿಮಗೆ ಕಾಣೋ ಹಾಗೇ ಇರಲಿಲ್ಲ.”

“ಮತ್ತೆ ಆ ಕಾಗದ?” ಎಂದ ಡ್ರೈವರು.

“ಅದು ನನ್ನ ಯಂತ್ರ ಬರೆದದ್ದು. ಚೂರುಗಳು ಬಂದ್ವಾ ಅಂತ ಅದು ಎಣಿಸ್ತು. ಚಿತ್ರ ಅಲ್ಲಾಡ್ತಿದೆಯಾ ಅಂತ ನೋಡಲಿಲ್ಲ. ಅದನ್ನ ನೋಡೋ ಗಂಟೆ ಇತ್ತು. ಮಕ್ಕಳು ಮಲಗಿದ್ರೂ ಹೊಡೆಯುತ್ತೆ ಅಂತ ನಾನೇ ಆರಿಸಿದ್ದೆ.”

ಲ್ಯಾಪ್‌ಟಾಪ್ ತೆಗೆದು ನೆಲದ ಮೇಲಿಟ್ಟರು. ಮೂರು ಗಂಟೆ ಐದು ನಿಮಿಷ. ಮಗು ತುಟಿ ಚೀಪುವಂತೆ ಮಾಡಿತು. ಮುಷ್ಟಿ ಬಿಚ್ಚಿತು. ಕೈ ನಿಧಾನವಾಗಿ ಮೇಲೆ ಹೋಗಿ ಕಿವಿಯ ಪಕ್ಕ ನಿಂತಿತು. ಅಲ್ಲಿಂದ ಮುಂದಕ್ಕೆ ಚಿತ್ರ ಕದಲಲೇ ಇಲ್ಲ.

“ಇಲ್ಲಿವರೆಗೆ ಇದ್ನಾ?” ಎಂದಳು.

“ಇದ್ದ. ವಾರ್ಡಿನವರು ಬರೆದಿರೋ ಪ್ರಕಾರ ಹೃದಯ ನಿಂತಿದ್ದು ಮೂರು ಹತ್ತರ ಮೇಲೆ.”

ಅವಳು ಗಂಡನ ಕಡೆ ತಿರುಗಿ, “ಕೇಳಿಸ್ತಾ?” ಎಂದಳು. ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. 

ಅವಳು ಭಾವನ ಕಡೆ ತಿರುಗಿ ಕೇಳಿದಳು: “ನಿಮಗೆ ಇದು ಎಷ್ಟು ದಿನದಿಂದ ಗೊತ್ತು?”

“ಹತ್ತು ದಿನ.”

“ಯಾಕೆ ಬರಲಿಲ್ಲ?”

ಭಾವ ನನ್ನ ಕಡೆ ನೋಡಲೇ ಇಲ್ಲ. “ಹೆದರಿದೆ ತಾಯಿ,” ಎಂದರು.

ಅವಳು ನನ್ನನ್ನು ನೋಡಿದಳು. “ನಿನಗೂ ಗೊತ್ತಿತ್ತಾ? ಅವತ್ತು ನನ್ನ ಕೈ ಹಿಡ್ಕೊಂಡು ಕೂತಿದ್ದಾಗ?”

“ಹೂಂ,” ಎಂದೆ. ಅವಳು ಎದ್ದು ಒಳಗಿನ ಅರ್ಧ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮತ್ತೆ ಹೊರಗೆ ಬರಲಿಲ್ಲ.

ಎಲ್ಲವನ್ನೂ ಬರೆದುಕೊಡಿ ಎಂದ ಡ್ರೈವರು. ಅಂಗಿಯ ಅಳತೆ ಕತ್ತರಿಸುವ ಕಂದು ಕಾಗದದ ಹಾಳೆಯೊಂದನ್ನು ತಂದುಕೊಟ್ಟ. ಭಾವ ಹೊಲಿಗೆ ಯಂತ್ರದ ಹಲಗೆಯ ಮೇಲೆ ಅದನ್ನಿಟ್ಟುಕೊಂಡು ಬರೆದರು: ಕ್ಯಾಮೆರಾ ನಿಂತ ಸಮಯ, ಗಂಟೆ ಆರಿಸಿದ ತಾರೀಖು, ಆರಿಸಿದವರು ಯಾರು ಎಂಬುದು, ಕೆಳಗೆ ತಮ್ಮ ನೌಕರಿಯ ನಂಬರು. ಕೊನೆಯ ಸಾಲು ಹೀಗಿತ್ತು: ‘ಹೆದರಿಕೆಯಿಂದ ನಾನು ಇದನ್ನು ತಿಳಿಸಲು ಹತ್ತು ದಿನ ತಡ ಮಾಡಿರುತ್ತೇನೆ.’

ಆ ಕಾಗದ ಆಸ್ಪತ್ರೆ ತಲುಪಿದ ಐದನೇ ದಿನ ಕಂಪನಿ ಅವರನ್ನು ಮನೆಗೆ ಕಳಿಸಿತು. ತನಿಖೆಯ ವರದಿಯಲ್ಲಿ ತಾಯಿಯ ಮೇಲಿನ ಮಾತನ್ನು ತೆಗೆದುಹಾಕಿದರು. ಅದರ ಜಾಗದಲ್ಲಿ ಭಾವನ ಹೆಸರು ಬಂತು. ‘ವಿಷಯ ತಿಳಿದೂ ಹತ್ತು ದಿನ ಮುಚ್ಚಿಟ್ಟ ಸಿಬ್ಬಂದಿ’ ಎಂದು ಬರೆದಿದ್ದಾರೆ. ಬೇರೆ ಎರಡು ಆಸ್ಪತ್ರೆಗಳಲ್ಲಿ ಕೆಲಸ ಕೇಳಿದಾಗ ಆ ಒಂದು ಸಾಲನ್ನೇ ತೋರಿಸಿ ವಾಪಸು ಕಳಿಸಿದರು. ಈಗ ಬಸ್ ನಿಲ್ದಾಣದ ಹಿಂದಿನ ಫೋನ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾರೆ. ಮಾತು ಕಡಿಮೆಯಾಗಿದೆ. ಅಕ್ಕ ಎಷ್ಟು ಕೆಣಕಿದರೂ ತಿರುಗಿ ಒಂದು ಮಾತು ಅನ್ನುವುದಿಲ್ಲ. ಅಕ್ಕನೂ ಈಗ ಕೆಣಕುವುದನ್ನು ಬಿಟ್ಟಿದ್ದಾಳೆ.

ಆ ಹತ್ತು ದಿನ ಅವರು ಕಾದದ್ದು ತನ್ನ ತಂಗಿಯ ಮಾತಿಗೆ ಎಂದು ಅಕ್ಕ ಅಧಿಕಾರಿಗೆ ಹೇಳಿ ಬರಲು ಹೊರಟಿದ್ದಳು. ಭಾವ ಬಿಡಲಿಲ್ಲ. “ಹಸಿ ಬಾಣಂತಿ, ಅವಳ ಹೆಸರು ಯಾಕೆ,” ಎಂದರಂತೆ. ನನ್ನ ಮುಂದೆ ಆ ವಿಷಯ ಎತ್ತಿದ್ದೇ ಇಲ್ಲ. ಮಗಳನ್ನು ಎತ್ತಿಕೊಂಡು ಮನೆಯೆಲ್ಲ ಓಡಾಡಿಸುತ್ತಾರೆ. ಅವಳಿಗೀಗ ನಾಲ್ಕೂವರೆ ಕಿಲೋ.

ಹತ್ತು ದಿನ ಮುಚ್ಚಿಟ್ಟವಳು ನಾನು. ನಾನು ಬರೆದ ಈ ಬರಹವನ್ನು ಎರಡು ಪ್ರತಿ ಮಾಡಿದ್ದೇನೆ. ಒಂದು ಆಸ್ಪತ್ರೆಯ ಅಧಿಕಾರಿಗೆ. ಇನ್ನೊಂದನ್ನು ಅಂಗಡಿಯ ಮೇಲಿನ ಆ ಮನೆಗೆ ನಾನೇ ತೆಗೆದುಕೊಂಡು ಹೋಗಬೇಕು. ಹೊಲಿಗೆ ಅಕ್ಕ ಬಾಗಿಲು ತೆಗೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.